ಆಳದಲ್ಲಿ ಹೂತ ಲೋಹವನ್ನು ಹುಡುಕಲು ಶೋಧಕದ ಆವರ್ತನವನ್ನು ಆರಿಸುವ ಕ್ರಮ

ಹಿಂದೆಂದೋ ಕೊರೆಸಿ ಕೈಬಿಟ್ಟ ಕೊಳವೆಬಾವಿಯ ಕೇಸಿಂಗ್ ಪೈಪಿನ ಬಾಯಿ ತೋಟದ ಮಣ್ಣಿನಡಿ ಮುಚ್ಚಿಹೋಗಿರುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ನೀರಿನ ವಾಲ್ವಿನ ಎರಕದ ಮುಚ್ಚಳ ರಸ್ತೆಯೊಳಗೆ ಸೇರಿಹೋಗಿರುತ್ತದೆ. ಹಳೆಯ ಕಟ್ಟಡದ ಅರ್ಥಿಂಗ್‌ಗಾಗಿ ಹೂತ ತಾಮ್ರದ ತಗಡು ಎಲ್ಲಿದೆಯೆಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ. ಇಂಥ ಹೊತ್ತಿನಲ್ಲಿ ಲೋಹಶೋಧಕವನ್ನು, ಅಂದರೆ ಮೆಟಲ್ ಡಿಟೆಕ್ಟರನ್ನು, ಬಾಡಿಗೆಗೋ ಖರೀದಿಗೋ ತಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ಆಳಕ್ಕೆ ಹೋಗಬೇಕಾದರೆ ಎಷ್ಟು ಕಿಲೋಹರ್ಟ್ಸ್ ಇಡಬೇಕು? ಕಡಿಮೆ ಇಟ್ಟಷ್ಟೂ ಹೆಚ್ಚು ಆಳ ಎಂಬ ಸಿದ್ಧ ಉತ್ತರವೂ ಕೂಡಲೇ ಸಿಗುತ್ತದೆ. ಆ ಉತ್ತರದಲ್ಲಿ ಸತ್ಯಾಂಶ ಇದ್ದರೂ ಅದಕ್ಕೆ ಕೊಡುವ ಕಾರಣ ಸಾಮಾನ್ಯವಾಗಿ ತಪ್ಪಾಗಿರುತ್ತದೆ, ಮತ್ತು ಕಾರಣ ತಪ್ಪಿದಾಗ ಆಯ್ಕೆಯೂ ತಪ್ಪುತ್ತದೆ. ಆವರ್ತನವನ್ನು ಆಳ ಹೆಚ್ಚಿಸುವ ತಿರುಪುಗುಂಡಿಯೆಂದು ಭಾವಿಸದೆ, ಹುಡುಕುವ ವಸ್ತುವಿನ ಲೋಹ ಮತ್ತು ದಪ್ಪಕ್ಕೂ ಅದು ಬಿದ್ದಿರುವ ಮಣ್ಣಿನ ಗುಣಕ್ಕೂ ತಕ್ಕಂತೆ ಆರಿಸಬೇಕೆಂಬುದು ಈ ಬರಹದ ಮುಖ್ಯ ಮಾತು.

ಆವರ್ತನ ಏನು ಮಾಡುತ್ತದೆ

ಶೋಧಕದ ಕಾಯಿಲಿನಲ್ಲಿ, ಅಂದರೆ ತಂತಿಯ ಸುರುಳಿಯಲ್ಲಿ, ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಡುತ್ತದೆ. 5 ಕಿಲೋಹರ್ಟ್ಸ್‌ನಲ್ಲಿ ಆ ಕ್ಷೇತ್ರ ಸೆಕೆಂಡಿಗೆ 5,000 ಬಾರಿ ಏರಿಳಿಯುವುದರಿಂದ ಅದರ ಹಾದಿಯಲ್ಲಿರುವ ಲೋಹದಲ್ಲಿ ಸುಳಿಪ್ರವಾಹಗಳು, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳು, ಹುಟ್ಟುತ್ತವೆ. ಆ ಪ್ರವಾಹಗಳು ಹುಟ್ಟಿಸುವ ಮರುಕ್ಷೇತ್ರವನ್ನು ಶೋಧಕದ ಇನ್ನೊಂದು ಕಾಯಿಲು ಗ್ರಹಿಸುತ್ತದೆ. ಹೆಚ್ಚಿನ ಆವರ್ತನವನ್ನು ಮಣ್ಣು ಹೀರಿಬಿಡುತ್ತದೆ, ಕಡಿಮೆ ಆವರ್ತನ ಮಣ್ಣನ್ನು ತೂರಿಕೊಂಡು ಹೋಗುತ್ತದೆ ಎಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ನೂರು ಓಮ್-ಮೀಟರ್ ವಿದ್ಯುತ್ ನಿರೋಧತೆಯ ಸಾಧಾರಣ ಮಣ್ಣಿನಲ್ಲಿ 10 ಕಿಲೋಹರ್ಟ್ಸ್‌ನ ಕ್ಷೇತ್ರವು ಬರಿಯ ಹೀರಿಕೆಯಿಂದ ಮೂರನೇ ಒಂದಕ್ಕಿಂತ ತುಸು ಹೆಚ್ಚಿನ ಪಾಲಿಗೆ ಇಳಿಯಬೇಕಾದರೆ ಸುಮಾರು 50 ಮೀಟರ್ ಸಾಗಬೇಕು. 40 ಕಿಲೋಹರ್ಟ್ಸ್‌ನದು 25 ಮೀಟರ್. ನಾವು ಹುಡುಕುವುದು ಒಂದೆರಡು ಮೀಟರಿನೊಳಗೆ. ಅಷ್ಟು ದೂರದಲ್ಲಿ ಮಣ್ಣು ಹೀರುವ ಪಾಲು ಗಣನೆಗೆ ಬರುವಷ್ಟಿರುವುದಿಲ್ಲ. ಸಮುದ್ರದ ನೀರಿನ ಮಾತು ಬೇರೆ: ಅಲ್ಲಿ ಈ ದೂರ 10 ಕಿಲೋಹರ್ಟ್ಸ್‌ಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು, 40ಕ್ಕೆ ಒಂದು ಮೀಟರಿನ ಆಸುಪಾಸು.

ಹಾಗಾದರೆ ಕಡಿಮೆ ಆವರ್ತನದಿಂದ ನಿಜವಾದ ಪ್ರಯೋಜನ ಎಲ್ಲಿಂದ ಬರುತ್ತದೆ? ವಸ್ತುವಿನಿಂದ. ಪ್ರತಿಯೊಂದು ಲೋಹದ ತುಂಡಿನಲ್ಲೂ ಹುಟ್ಟಿದ ಸುಳಿಪ್ರವಾಹ ಅಡಗಲು ಒಂದಿಷ್ಟು ಕಾಲ ಬೇಕು. ದಪ್ಪ ತಾಮ್ರ, ಬೆಳ್ಳಿ, ದೊಡ್ಡ ಹಿತ್ತಾಳೆಯ ಪಾತ್ರೆ ಇವುಗಳಲ್ಲಿ ಪ್ರವಾಹ ನಿಧಾನವಾಗಿ ಅಡಗುತ್ತದೆ. ತೆಳುವಾದ ತಗಡು, ಚಿನ್ನದ ಸಣ್ಣ ಹರಳು, ಮೂಗುತಿಯಂಥವುಗಳಲ್ಲಿ ಕಣ್ಣು ಮುಚ್ಚಿ ತೆರೆಯುವುದಕ್ಕೂ ಮೊದಲೇ, ಮೈಕ್ರೋಸೆಕೆಂಡುಗಳಲ್ಲಿ, ಅಡಗಿಬಿಡುತ್ತದೆ. ನಿಧಾನದ ವಸ್ತುವಿಗೆ ನಿಧಾನದ ಆವರ್ತನ, ಚುರುಕಿನ ವಸ್ತುವಿಗೆ ಚುರುಕಿನ ಆವರ್ತನ ಹೊಂದುತ್ತದೆ. ಸಣ್ಣ ಚಿನ್ನದ ಹರಳುಗಳಿಗೆಂದೇ ಮಾಡಿದ ಮೈನ್‌ಲ್ಯಾಬ್ ಗೋಲ್ಡ್ ಮಾನ್‌ಸ್ಟರ್ 1000 ಎಂಬುದು 45 ಕಿಲೋಹರ್ಟ್ಸ್‌ನಲ್ಲಿಯೂ ಫಿಶರ್ ಗೋಲ್ಡ್ ಬಗ್ 2 ಎಂಬುದು 71 ಕಿಲೋಹರ್ಟ್ಸ್‌ನಲ್ಲಿಯೂ ಕೆಲಸ ಮಾಡುವುದು ಈ ಕಾರಣಕ್ಕೆ. ಅವುಗಳನ್ನು ತಂದು ಒಂದು ಮೀಟರ್ ಆಳದ ತಾಮ್ರದ ತಗಡನ್ನು ಹುಡುಕುವುದು ಸರಿಯಾದ ಯಂತ್ರವನ್ನು ತಪ್ಪು ಕೆಲಸಕ್ಕೆ ಹಚ್ಚಿದಂತೆ.

ಇದರೊಂದಿಗೆ ಮಣ್ಣಿನ ಪಾತ್ರವೂ ಸೇರಿಕೊಳ್ಳುತ್ತದೆ. ಮಣ್ಣಿನಲ್ಲಿರುವ ಮ್ಯಾಗ್ನೆಟೈಟ್ ಮುಂತಾದ ಕಾಂತೀಯ ಖನಿಜಗಳೂ ಶೋಧಕಕ್ಕೆ ಉತ್ತರ ಕೊಡುತ್ತವೆ, ಆದರೆ ಆ ಉತ್ತರದ ಬಹುಪಾಲು ಕಾಯಿಲಿನ ಕ್ಷೇತ್ರದೊಂದಿಗೆ ಏಕಕಾಲಕ್ಕೆ ಏರಿಳಿಯುತ್ತದೆ. ಲೋಹದ ಉತ್ತರದಲ್ಲಿ ಸ್ವಲ್ಪ ಹಿಂದೆ ಬೀಳುವ ಒಂದು ಭಾಗ ಇರುತ್ತದೆ. ಮಣ್ಣಿನ ಸದ್ದಿನಿಂದ ವಸ್ತುವನ್ನು ಬೇರ್ಪಡಿಸಲು ಯಂತ್ರ ಅವಲಂಬಿಸುವುದು ಮುಖ್ಯವಾಗಿ ಈ ಹಿಂದೆ ಬೀಳುವ ಭಾಗವನ್ನೇ. ನಿಧಾನದ ದೊಡ್ಡ ವಸ್ತುವಿನಲ್ಲಿ ಆವರ್ತನ ಏರಿಸಿದಷ್ಟೂ ಆ ಭಾಗ ಕುಗ್ಗುತ್ತ ಹೋಗುತ್ತದೆ. ಆದ್ದರಿಂದಲೇ ಖನಿಜ ತುಂಬಿದ ನೆಲದಲ್ಲಿ ದಪ್ಪ ತಾಮ್ರ ಹುಡುಕುವವರು 4ರಿಂದ 8 ಕಿಲೋಹರ್ಟ್ಸ್‌ನೊಳಗೆ ಇರಬೇಕು.

ಆವರ್ತನಕ್ಕಿಂತ ಮೊದಲು ಕಾಯಿಲು

ಕಾಯಿಲಿನ ಅಗಲಕ್ಕಿಂತ ಬಹಳ ಆಳದಲ್ಲಿರುವ ವಸ್ತುವಿನ ಸಂಕೇತ, ದೂರದ ಆರನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಕಾಯಿಲಿನ ಕ್ಷೇತ್ರ ಹೋಗುವಾಗ ಮೂರನೆಯ ಘಾತದಲ್ಲಿ ಕ್ಷೀಣಿಸುತ್ತದೆ, ವಸ್ತುವಿನ ಉತ್ತರ ಬರುವಾಗ ಮತ್ತೆ ಮೂರನೆಯ ಘಾತದಲ್ಲಿ. ಆಳ ಎರಡು ಪಟ್ಟಾದರೆ ಸಂಕೇತ 64ರಲ್ಲಿ ಒಂದು ಪಾಲು. ಈ ಇಳಿಕೆಯ ಎದುರು ಆವರ್ತನದ ಆಯ್ಕೆಯಿಂದ ಸಿಗುವ ಕೆಲವು ಪಟ್ಟಿನ ಲಾಭ ದೊಡ್ಡದೇನಲ್ಲ.

ಯಂತ್ರಗಳೊಂದಿಗೆ ಸಾಮಾನ್ಯವಾಗಿ ಬರುವ 28 ಸೆಂಟಿಮೀಟರ್, ಅಂದರೆ 11 ಇಂಚಿನ, ಕಾಯಿಲನ್ನೂ ಒಂದು ಮೀಟರ್ ಅಗಲದ ದೊಡ್ಡ ಕಾಯಿಲನ್ನೂ ಹೋಲಿಸಿ ನೋಡಬಹುದು. ಸುತ್ತುಗಳೂ ವಿದ್ಯುತ್ತೂ ಸಮಾನವೆಂದಿಟ್ಟುಕೊಂಡರೆ, ನೇರ ಕೆಳಗೆ ಒಂದು ಮೀಟರ್ ಆಳದಲ್ಲಿರುವ ವಸ್ತುವಿನಿಂದ ದೊಡ್ಡ ಕಾಯಿಲಿಗೆ ಬರುವ ಸಂಕೇತ ಚಿಕ್ಕದರದಕ್ಕಿಂತ ಲೆಕ್ಕದ ಮೇಲೆ 80 ಪಟ್ಟಿಗೂ ಹೆಚ್ಚು. ಮಣ್ಣಿನ ಮತ್ತು ಹೊರಗಿನ ಸದ್ದೂ ಜೊತೆಗೆ ಏರುವುದರಿಂದ ಅಷ್ಟೂ ಲಾಭ ಕೈಗೆ ಹತ್ತುವುದಿಲ್ಲವಾದರೂ, ಆವರ್ತನವನ್ನು 15ರಿಂದ 5ಕ್ಕೆ ಇಳಿಸಿ ಪಡೆಯುವ ಲಾಭ ಇದರ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡ ಕಾಯಿಲಿಗೆ ಮೊಳೆ, ಬಾಟಲಿ ಮುಚ್ಚಳಗಳಂಥ ಮೇಲ್ಪದರದ ಚೂರುಗಳು ಅಷ್ಟಾಗಿ ತಾಗುವುದಿಲ್ಲ ಎಂಬುದು ಆಳದ ಹುಡುಕಾಟದಲ್ಲಿ ಇನ್ನೊಂದು ಅನುಕೂಲ. ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ: ಹಣ ಅಥವಾ ಬಾಡಿಗೆ ಒಂದಕ್ಕೆ ಮಾತ್ರ ಸಾಲುವುದಾದರೆ, ಬಹು ಆವರ್ತನಗಳ ದುಬಾರಿ ಯಂತ್ರಕ್ಕಿಂತ ದೊಡ್ಡ ಕಾಯಿಲು ಹಾಕಬಲ್ಲ ಸಾಧಾರಣ ಯಂತ್ರವನ್ನು ಆರಿಸಿಕೊಳ್ಳಿ.

ಎರಡು ಪೆಟ್ಟಿಗೆಗಳನ್ನು ಕೋಲಿನ ಎರಡು ತುದಿಗಳಿಗೆ ಕಟ್ಟಿ ಹಿಡಿದು ನಡೆಯುವ ಶೋಧಕಗಳು ಇದಕ್ಕೆ ಒಳ್ಳೆಯ ಉದಾಹರಣೆ. ಫಿಶರ್ ಜೆಮಿನೈ 3 ಸುಮಾರು 82 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಕಡಿಮೆ ಆವರ್ತನವೇ ಆಳ ಎಂಬ ಸೂತ್ರದ ಪ್ರಕಾರ ಅದು ಏನನ್ನೂ ಹಿಡಿಯಬಾರದು. ಆದರೆ ಕಳಿಸುವ ಮತ್ತು ಪಡೆಯುವ ಕಾಯಿಲುಗಳ ನಡುವೆ ಇರುವ ಅಂತರದ ಬಲದಿಂದಲೇ ಅದು ಸಣ್ಣಪುಟ್ಟ ಚೂರುಗಳನ್ನು ಬಿಟ್ಟು, ಆಳದಲ್ಲಿರುವ ಪೈಪು ಮತ್ತು ದೊಡ್ಡ ಲೋಹದ ರಾಶಿಗಳನ್ನು ತೋರಿಸುತ್ತದೆ.

ವಸ್ತುವಿಗೆ ತಕ್ಕ ಆಯ್ಕೆ

ಅರ್ಥಿಂಗ್ ತಗಡನ್ನು ಮೊದಲು ತೆಗೆದುಕೊಳ್ಳೋಣ. ಭಾರತೀಯ ಮಾನಕ ಐಎಸ್ 3043ರ ಪ್ರಕಾರ ತಾಮ್ರದ ತಗಡು 60 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಮತ್ತು 3.15 ಮಿಲಿಮೀಟರ್ ದಪ್ಪಕ್ಕೆ ಕಡಿಮೆಯಿರಬಾರದು, ಅದರ ಮೇಲಂಚು ನೆಲಮಟ್ಟದಿಂದ ಒಂದೂವರೆ ಮೀಟರ್ ಕೆಳಗಿರಬೇಕು. ಇಷ್ಟು ದೊಡ್ಡ, ಇಷ್ಟು ದಪ್ಪದ ತಾಮ್ರದಲ್ಲಿ ಸುಳಿಪ್ರವಾಹ ಬಹಳ ನಿಧಾನವಾಗಿ, ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಅಡಗುತ್ತದೆ. ಹಾಗಾಗಿ ಯಂತ್ರದಲ್ಲಿರುವ ಅತಿ ಕಡಿಮೆ ಆವರ್ತನವೇ ಇಲ್ಲಿ ಸರಿ: ಮೈನ್‌ಲ್ಯಾಬ್ ಇಕ್ವಿನಾಕ್ಸ್ 800ರಲ್ಲಿ 5, ನೋಕ್ಟಾ ಲೆಜೆಂಡ್‌ನಲ್ಲಿ 4 ಕಿಲೋಹರ್ಟ್ಸ್. ಇನ್ನೂ ಉತ್ತಮವಾದದ್ದು ಪಲ್ಸ್ ಇಂಡಕ್ಷನ್ ಬಗೆಯ ಶೋಧಕ. ಅದು ಒಂದೇ ಆವರ್ತನದ ಅಲೆಯನ್ನು ಕಳಿಸುವುದಿಲ್ಲ. ವಿದ್ಯುತ್ತಿನ ಮಿಡಿತ ಕಳಿಸಿ, ಅದನ್ನು ಥಟ್ಟನೆ ನಿಲ್ಲಿಸಿ, ಆಮೇಲೆ ಉಳಿಯುವ ಕ್ಷೀಣ ಪ್ರವಾಹಕ್ಕೆ ಕಿವಿಗೊಡುತ್ತದೆ. ಅಲ್ಲಿ ಆವರ್ತನದ ಬದಲು ಮಿಡಿತ ನಿಂತ ಎಷ್ಟು ಮೈಕ್ರೋಸೆಕೆಂಡಿನ ನಂತರ ಕೇಳಬೇಕೆಂಬುದನ್ನು ಹೊಂದಿಸಬೇಕು. ಸಣ್ಣ ಚಿನ್ನಕ್ಕೆ 10ರಿಂದ 15 ಮೈಕ್ರೋಸೆಕೆಂಡು ತಡ ಸಾಕು. ದೊಡ್ಡ ತಾಮ್ರಕ್ಕೆ ಹೆಚ್ಚು ತಡ ಕೊಟ್ಟರೆ ಮಣ್ಣಿನ ಉತ್ತರವೂ ಮೇಲ್ಪದರದ ಚೂರುಗಳ ಉತ್ತರವೂ ಅಡಗಿದ ಮೇಲೆ ತಗಡಿನ ಉತ್ತರ ಮಾತ್ರ ಉಳಿದಿರುತ್ತದೆ. ತಗಡನ್ನು ಸಾಮಾನ್ಯವಾಗಿ ನಿಲ್ಲಿಸಿ ಹೂಳುವುದರಿಂದ ಮೇಲಿನಿಂದ ಕಾಯಿಲಿಗೆ ಎದುರಾಗುವುದು ಅದರ ಅಂಚು ಮಾತ್ರ. ನೇರ ಮೇಲಿಗಿಂತ ಎರಡು ಪಕ್ಕಗಳಲ್ಲಿ ಸಂಕೇತ ಬಲವಾಗಿ, ನಡುವೆ ತಗ್ಗಿ ಕೇಳಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಕೊಳವೆಬಾವಿಯ ಉಕ್ಕಿನ ಕೇಸಿಂಗ್ ಬೇರೆ ಜಾತಿಯದು. ಉಕ್ಕು ಸುಳಿಪ್ರವಾಹದಿಂದಷ್ಟೇ ಅಲ್ಲದೆ ತನ್ನ ಕಾಂತಗುಣದಿಂದಲೂ ಉತ್ತರಿಸುತ್ತದೆ, ಮತ್ತು ನಿಂತ ಕೊಳವೆ ಕಾಯಿಲಿನ ಕ್ಷೇತ್ರದ ದಿಕ್ಕಿಗೆ ಸರಿಯಾಗಿ ಇರುವುದರಿಂದ ಆ ಉತ್ತರ ಬಲವಾಗಿರುತ್ತದೆ. ಕಡಿಮೆ ಆವರ್ತನ ಇಲ್ಲಿಯೂ ಒಳ್ಳೆಯದೇ, ಆದರೆ 5 ಮತ್ತು 10 ಕಿಲೋಹರ್ಟ್ಸ್ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗ್ಯಾರೆಟ್ ಏಸ್ 400ರಂತೆ 10 ಕಿಲೋಹರ್ಟ್ಸ್‌ಗೆ ಕಟ್ಟಿಹಾಕಿದ ಯಂತ್ರವೂ ಈ ಕೆಲಸಕ್ಕೆ ಆಗುತ್ತದೆ. ಇಲ್ಲಿ ಜೋಪಾನವಾಗಿ ನೋಡಬೇಕಾದದ್ದು ಡಿಸ್ಕ್ರಿಮಿನೇಷನ್, ಅಂದರೆ ಬೇಡದ ಲೋಹಗಳಿಗೆ ಸದ್ದು ಮಾಡದಂತೆ ಯಂತ್ರವನ್ನು ಹೊಂದಿಸುವುದು. ಕಬ್ಬಿಣವನ್ನು ಬಿಟ್ಟುಬಿಡುವ ಕಾರ್ಯಕ್ರಮದಲ್ಲಿ ಯಂತ್ರ ಬಂದಿದ್ದರೆ ಅದು ಕೇಸಿಂಗಿನ ಮೇಲೆಯೇ ಮೌನವಾಗಿ ಹಾದುಹೋಗಬಹುದು. ಆಳದ ಹುಡುಕಾಟಕ್ಕೆ ಎಲ್ಲ ಲೋಹಗಳನ್ನೂ ಕೇಳಿಸುವ ಆಲ್ ಮೆಟಲ್ ಸ್ಥಿತಿಯೇ ಸರಿ. ಅಗಲವಾದ ಎರಕದ ಮುಚ್ಚಳ ಅಥವಾ ಕಬ್ಬಿಣದ ತಗಡು ಪರದೆಯ ಮೇಲೆ ತಾಮ್ರದಂತೆ, ಬೆಳ್ಳಿಯಂತೆ ಹೆಚ್ಚಿನ ಅಂಕಿ ತೋರಿಸುವುದು ಮಾಮೂಲು. ಆ ಅಂಕಿಯನ್ನು ಆಳದ ವಸ್ತುವಿನ ವಿಷಯದಲ್ಲಿ ನಂಬಬಾರದು.

ಕಬ್ಬಿಣಕ್ಕೆಂದೇ ಇರುವ ಕಾಂತಮಾಪಕ ಬಗೆಯ ಉಪಕರಣಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಉಕ್ಕು ಉಂಟುಮಾಡುವ ಏರುಪೇರನ್ನು ಅಳೆಯುತ್ತವೆ, ಮತ್ತು ಅಲ್ಲಿ ಇಳಿಕೆ ಮೂರನೆಯ ಘಾತದ್ದಾದ್ದರಿಂದ ಅವು ಹೆಚ್ಚು ಆಳ ಮುಟ್ಟುತ್ತವೆ. ಯುರೋಪು ಅಮೆರಿಕಗಳಲ್ಲಿ ಬರೆದ ಕೈಪಿಡಿಗಳು ನಿಂತ ಪೈಪಿನ ಮೇಲೆ ಇವು ಜೋರಾಗಿ ಕೂಗುತ್ತವೆಂದು ಹೇಳುತ್ತವೆ. ಅಲ್ಲಿ ಭೂಕಾಂತಕ್ಷೇತ್ರ ಬಹುಪಾಲು ನೆಟ್ಟಗೆ ಕೆಳಮುಖವಾಗಿರುತ್ತದೆ. ಭೂಕಾಂತಕ್ಷೇತ್ರ ಪೂರ್ತಿ ಅಡ್ಡವಾಗಿರುವ ರೇಖೆ, ಅಂದರೆ ಕಾಂತೀಯ ಸಮಭಾಜಕ, ತಿರುನೆಲ್ವೇಲಿಯ ಆಸುಪಾಸಿನಲ್ಲಿ ಹಾಯುವುದರಿಂದ ಕರ್ನಾಟಕದಲ್ಲಿ ಆ ಕ್ಷೇತ್ರ ಬಹುಪಾಲು ಅಡ್ಡವಾಗಿರುತ್ತದೆ, ಆದ್ದರಿಂದ ನಿಂತ ಕೊಳವೆಯಲ್ಲಿ ಅದು ಹುಟ್ಟಿಸುವ ಕಾಂತತೆ ಇಲ್ಲಿ ಕಡಿಮೆ. ಪೈಪು ತಯಾರಾಗುವಾಗ ಉಳಿಸಿಕೊಂಡ ಕಾಂತತೆಯಿಂದ ಉಪಕರಣ ಕೆಲಸ ಮಾಡುತ್ತದೆ ನಿಜ. ಆದರೂ ಕೈಪಿಡಿ ಕೊಡುವ ಆಳದ ಭರವಸೆಯನ್ನು ಹಾಗೆಯೇ ತೆಗೆದುಕೊಳ್ಳಬಾರದು.

ನೆಲದಡಿ ಉದ್ದಕ್ಕೆ ಹಾದುಹೋಗುವ ಪೈಪು ಮತ್ತು ಕೇಬಲ್‌ಗಳಿಗೆ ಲೋಹಶೋಧಕಕ್ಕಿಂತ ಲೊಕೇಟರ್ ಬಳಸುವುದು ಜಾಣತನ. ಅದರಲ್ಲಿ ಒಂದು ಪೆಟ್ಟಿಗೆ ಪೈಪಿಗೆ ಸಂಕೇತ ಹರಿಸುತ್ತದೆ, ಇನ್ನೊಂದು ಅದನ್ನು ಮೇಲಿನಿಂದ ಹಿಂಬಾಲಿಸುತ್ತದೆ. ಅಲ್ಲಿ ಆವರ್ತನದ ನಿಯಮ ಬೇರೆ: ತಂತಿ ನೇರವಾಗಿ ಜೋಡಿಸಲು ಸಾಧ್ಯವಿದ್ದರೆ 512 ಹರ್ಟ್ಸ್ ಅಥವಾ 8 ಕಿಲೋಹರ್ಟ್ಸ್ ದೂರ ಸಾಗುತ್ತದೆ ಮತ್ತು ಪಕ್ಕದ ಪೈಪುಗಳಿಗೆ ಹಾರುವುದು ಕಡಿಮೆ, ಜೋಡಿಸಲಾಗದೆ ಮೇಲಿನಿಂದಲೇ ಸಂಕೇತ ಹಾಯಿಸಬೇಕಾದಾಗ 33 ಕಿಲೋಹರ್ಟ್ಸ್ ಬೇಕು, ರಬ್ಬರ್ ಉಂಗುರದ ಕೀಲುಗಳಿರುವ ಎರಕದ ಪೈಪಿಗೆ 65 ಅಥವಾ ಅದಕ್ಕೂ ಹೆಚ್ಚು. ಪಿವಿಸಿ ಮತ್ತು ಎಚ್‌ಡಿಪಿಇ ಪೈಪುಗಳು ಯಾವ ಆವರ್ತನದಲ್ಲೂ ಸಿಗುವುದಿಲ್ಲ, ಜೊತೆಯಲ್ಲಿ ತಂತಿ ಹಾಕಿದ್ದರೆ ಮಾತ್ರ ಆ ತಂತಿ ಸಿಗುತ್ತದೆ.

ನೆಲದ ಗುಣ

ಬಯಲುಸೀಮೆಯ ತೆಳುವಾದ ಕೆಂಪು ಮಣ್ಣಿನಲ್ಲಿ ಒಂದೇ ಆವರ್ತನ ಇಟ್ಟುಕೊಂಡು ನೆಮ್ಮದಿಯಾಗಿ ಕೆಲಸ ಮಾಡಬಹುದು. ಉತ್ತರ ಕರ್ನಾಟಕದ ಎರೆಮಣ್ಣು ಬಸಾಲ್ಟ್ ಶಿಲೆಯಿಂದ ಆದದ್ದು. ಅದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ನೀರು ಹಿಡಿದಿಟ್ಟುಕೊಳ್ಳುವ ಗುಣದಿಂದ ವಿದ್ಯುತ್ತನ್ನೂ ಹೆಚ್ಚು ಹಾಯಿಸುತ್ತದೆ. ಮಳೆ ಬಿದ್ದ ಎರೆಯಲ್ಲಿ 20 ಕಿಲೋಹರ್ಟ್ಸ್‌ಗಿಂತ ಮೇಲೆ ಹೋದರೆ ಸುಳ್ಳು ಸದ್ದು ಹೆಚ್ಚುತ್ತದೆ, ಆದ್ದರಿಂದ 5ರಿಂದ 10ರೊಳಗೆ ಇರುವುದು ಕ್ಷೇಮ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ನೆಲ ಇದಕ್ಕಿಂತ ಕಷ್ಟದ್ದು. ಅದರೊಳಗಿನ ಅತಿ ಸಣ್ಣ ಕಾಂತೀಯ ಕಣಗಳ ಉತ್ತರ ಎಲ್ಲ ಆವರ್ತನಗಳಲ್ಲೂ ಸ್ವಲ್ಪ ಹಿಂದೆ ಬೀಳುವುದರಿಂದ ಲೋಹದಂತೆಯೇ ನಟಿಸುತ್ತದೆ. ಇಲ್ಲಿ ಹಲವು ಆವರ್ತನಗಳನ್ನು ಒಟ್ಟಿಗೆ ಕಳಿಸಿ ಹೋಲಿಸುವ ಮಲ್ಟಿ ಸ್ಥಿತಿ ತನ್ನ ಬೆಲೆಯನ್ನು ತೋರಿಸುತ್ತದೆ. ಶುದ್ಧ ನೆಲದಲ್ಲಿ ಅದೇ ಸ್ಥಿತಿಗಿಂತ ಸರಿಯಾಗಿ ಆರಿಸಿದ ಒಂಟಿ ಆವರ್ತನವೇ ಮೇಲಾಗಬಹುದು, ಏಕೆಂದರೆ ಯಂತ್ರದ ಶಕ್ತಿ ಹಂಚಿಹೋಗುವುದಿಲ್ಲ. ಕಡಲತೀರದ ಉಪ್ಪುನೀರಿನ ಒದ್ದೆ ಮರಳಿನಲ್ಲಿ, ಅದರಲ್ಲೂ ಕಪ್ಪು ಮರಳಿನ ಪಟ್ಟಿಯಿರುವ ಕಡೆ, ಮಲ್ಟಿ ಅಥವಾ ಪಲ್ಸ್ ಇಂಡಕ್ಷನ್ ಬಿಟ್ಟರೆ ಬೇರೆ ಹಾದಿಯಿಲ್ಲ. ಹಳೆಯ ಇಟ್ಟಿಗೆ ಗೂಡು ಇದ್ದ ಜಾಗವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸುಟ್ಟ ಮಣ್ಣು ಕಾಂತೀಯವಾಗುವುದರಿಂದ ಅಲ್ಲಿ ಇಟ್ಟಿಗೆಯ ಚೂರೇ ಸದ್ದು ಮಾಡುತ್ತದೆ.

ಆವರ್ತನ ಬದಲಿಸಿದಾಗಲೆಲ್ಲ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಉತ್ತರವನ್ನು ಯಂತ್ರ ಕಡೆಗಣಿಸುವಂತೆ ಹೊಂದಿಸುವ ಕೆಲಸ, ಮತ್ತೆ ಮಾಡಬೇಕು. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ನೆಲದಿಂದ ಒಂದು ಮೊಳದೆತ್ತರಕ್ಕೆ ಎತ್ತಿ ಇಳಿಸುತ್ತ, ಏರಿಳಿತಕ್ಕೆ ಸದ್ದು ಬದಲಾಗದಂತೆ ಆಗುವವರೆಗೆ ಹೊಂದಿಸುವುದು ಅದರ ಕ್ರಮ. ಇದನ್ನು ಬಿಟ್ಟರೆ ಬೇರೆ ಬೇರೆ ಆವರ್ತನಗಳನ್ನು ಹೋಲಿಸುವುದಕ್ಕೇ ಅರ್ಥವಿಲ್ಲ. ಸೆನ್ಸಿಟಿವಿಟಿಯನ್ನು ಕೊನೆಯವರೆಗೆ ಏರಿಸುವ ಆಸೆಯನ್ನೂ ತಡೆಯಬೇಕು. ಖನಿಜದ ನೆಲದಲ್ಲಿ ಎರಡು ಮೂರು ಹಂತ ಇಳಿಸಿದಾಗ ಮಣ್ಣಿನ ಗದ್ದಲ ತಗ್ಗಿ, ಆಳದ ಕ್ಷೀಣ ಸದ್ದು ಕೇಳಿಸತೊಡಗುತ್ತದೆ.

ಮೇಲಿನಿಂದ ಬರುವ ಗದ್ದಲವೂ ಆವರ್ತನವನ್ನು ನಿರ್ಧರಿಸುತ್ತದೆ. ವಿದ್ಯುತ್ ತಂತಿಗಳ 50 ಹರ್ಟ್ಸ್‌ನ ಗುಣಕಗಳು ಕೆಳಗಿನ ಕಿಲೋಹರ್ಟ್ಸ್‌ಗಳಲ್ಲಿ ಬಲವಾಗಿರುವುದರಿಂದ ತಂತಿಯಡಿ 4 ಅಥವಾ 5ರಲ್ಲಿ ಯಂತ್ರ ಹುಚ್ಚೆದ್ದಂತೆ ಕೂಗಿದರೆ, 10ಕ್ಕೋ 15ಕ್ಕೋ ಏರಿಸಿ ಶಾಂತವಾಗಿ ಹುಡುಕುವುದು ಮೇಲು. ಸೆಕೆಂಡಿಗೊಮ್ಮೆ ತಾಳ ಹಾಕಿದಂತೆ ಟಿಕ್ ಎನ್ನುತ್ತಿದ್ದರೆ ಅದು ಪಕ್ಕದ ತೋಟದ ಸೋಲಾರ್ ಬೇಲಿ. ಕೇಳಿಕೊಂಡು ಅದನ್ನು ಸ್ವಲ್ಪ ಹೊತ್ತು ನಿಲ್ಲಿಸುವುದೇ ಪರಿಹಾರ. ಮೊಬೈಲ್ ಫೋನನ್ನು ದೂರ ಇಡಿ.

ಹುಡುಕಾಟ

ಹೋಗುವ ಮೊದಲು ಅದೇ ಬಗೆಯ ವಸ್ತುವನ್ನು, ಉದಾಹರಣೆಗೆ ಒಂದು ಅಡಿ ಕೇಸಿಂಗ್ ತುಂಡನ್ನು, ಬಯಲಿನಲ್ಲಿ ಇಟ್ಟು ಪ್ರತಿ ಆವರ್ತನದಲ್ಲೂ ಎಷ್ಟು ದೂರದಿಂದ ಸದ್ದು ಬರುತ್ತದೆಂದು ಅಳತೆಪಟ್ಟಿ ಹಿಡಿದು ಬರೆದುಕೊಳ್ಳಿ. ಗಾಳಿಯಲ್ಲಿ ಸಿಕ್ಕ ದೂರ ಮಣ್ಣಿನಲ್ಲಿ ಪೂರ್ತಿ ಸಿಗುವುದಿಲ್ಲ, ಆದರೆ ಯಾವ ಆವರ್ತನ ಮುಂದಿದೆ ಎಂಬುದು ಗೊತ್ತಾಗುತ್ತದೆ. ನೆಲದಲ್ಲಿ ದಾರ ಕಟ್ಟಿ ಸಾಲು ಮಾಡಿಕೊಂಡು, ಹಿಂದಿನ ಬೀಸಿನ ಅರ್ಧದ ಮೇಲೆ ಮುಂದಿನ ಬೀಸು ಬರುವಂತೆ ನಿಧಾನವಾಗಿ ಸಾಗಬೇಕು. ಒಂದು ಸದ್ದಿನ ನಂತರ ಇನ್ನೊಂದಕ್ಕೆ ಯಂತ್ರ ಎಷ್ಟು ಬೇಗ ಸಿದ್ಧವಾಗಬೇಕೆಂದು ಹೇಳುವ ರಿಕವರಿ ಸ್ಪೀಡ್ ಎಂಬ ಹೊಂದಾಣಿಕೆಯಿದ್ದರೆ ಕಡಿಮೆಯಲ್ಲಿ ಇಡಿ. ಆಳದ ದೊಡ್ಡ ವಸ್ತುವಿನ ಸದ್ದು ಚುಚ್ಚಿದಂತಿರದೆ ಅಗಲವಾಗಿ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಬೇಗ ಬೀಸುವವರಿಗೆ ಅದು ತಿಳಿಯುವುದೇ ಇಲ್ಲ.

ಸದ್ದು ಬಂದ ಜಾಗದಲ್ಲಿ ಕಾಯಿಲನ್ನು ಹತ್ತು ಸೆಂಟಿಮೀಟರ್ ಮೇಲೆತ್ತಿ ನೋಡಿ. 28 ಸೆಂಟಿಮೀಟರ್ ಕಾಯಿಲಿನಡಿ 10 ಸೆಂಟಿಮೀಟರ್ ಆಳದಲ್ಲಿ ಒಂದು ಚೂರು ಇದ್ದರೆ, ಅಷ್ಟು ಎತ್ತಿದ ಮಾತ್ರಕ್ಕೆ ಅದರ ಸಂಕೇತ ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ. ವಸ್ತು 60 ಸೆಂಟಿಮೀಟರ್ ಆಳದಲ್ಲಿದ್ದರೆ ಶೇಕಡಾ 40ರಷ್ಟು ಉಳಿಯುತ್ತದೆ. ಪರದೆಯ ಮೇಲಿನ ಆಳದ ಸೂಚಕವನ್ನು ನಾಣ್ಯದ ಗಾತ್ರಕ್ಕೆಂದು ಹೊಂದಿಸಿರುವುದರಿಂದ ದೊಡ್ಡ ವಸ್ತುವಿನ ವಿಷಯದಲ್ಲಿ ಅದಕ್ಕಿಂತ ಈ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಅನುಮಾನ ಉಳಿದರೆ ಅದೇ ಜಾಗವನ್ನು 5 ಮತ್ತು 20 ಕಿಲೋಹರ್ಟ್ಸ್‌ಗಳಲ್ಲಿ ಅಡ್ಡಡ್ಡ, ಉದ್ದುದ್ದ ಬೀಸಿ. ಐದರಲ್ಲಿ ಬಲವಾಗಿ ಇಪ್ಪತ್ತರಲ್ಲಿ ಸೊರಗಿದರೆ ದಪ್ಪ ಲೋಹ. ತಿರುಗುಮುರುಗಾದರೆ ತೆಳುವಾದ ತಗಡೋ ಫಾಯಿಲೋ ಆಗಿರುವ ಸಂಭವ ಹೆಚ್ಚು.

ಅಗೆಯುವ ಮುನ್ನ ಎರಡು ವಿಷಯ ಖಚಿತವಾಗಿರಲಿ. ಆ ಜಾಗದಲ್ಲಿ ವಿದ್ಯುತ್ ಕೇಬಲ್ ಇಲ್ಲವೆಂದು ವಿದ್ಯುತ್ ಸರಬರಾಜು ಕಂಪನಿಯಿಂದ ತಿಳಿದುಕೊಳ್ಳಿ. ಜಾಗ ನಿಮ್ಮದಾಗಿರಬೇಕು, ಇಲ್ಲವೇ ಒಡೆಯರ ಒಪ್ಪಿಗೆ ಇರಬೇಕು. ದೇವಸ್ಥಾನದ ಸುತ್ತಮುತ್ತ, ಕೋಟೆ ಕೊತ್ತಲಗಳ ಬಳಿ ನಿಧಿಯಾಸೆಯಿಂದ ನೆಲ ಬಗೆದು ಶಿಲ್ಪಗಳನ್ನು ಕೆಡಿಸಿದ ಸುದ್ದಿ ನಮ್ಮಲ್ಲಿ ಬರುತ್ತಲೇ ಇರುತ್ತದೆ, ಮತ್ತು ಅದನ್ನು ಓದಿದಾಗ ಈ ಉಪಕರಣದ ಬಗ್ಗೆ ಬರೆಯುವವರಿಗೆ ಸಂಕಟವಾಗದೆ ಇರುವುದಿಲ್ಲ. ಸಂರಕ್ಷಿತ ಸ್ಮಾರಕಗಳ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ಉತ್ಖನನ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ. ಸ್ವಂತ ಹೊಲದಲ್ಲಿಯೇ ಹಳೆಯ ನಾಣ್ಯವೋ ಒಡವೆಯೋ ಸಿಕ್ಕರೂ ಅದನ್ನು ಅಲ್ಲಿಂದ ಕದಲಿಸದೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ.

ಅಗೆಯುವಾಗ ಗುಂಡಿಯನ್ನು ಸಂಕೇತದ ನಡುವಿಗೆ ತೆಗೆಯದೆ ಒಂದು ಪಕ್ಕದಿಂದ ಆರಂಭಿಸಿ, ಒಂದೊಂದು ಅಡಿ ಇಳಿದಂತೆ ಕಾಯಿಲನ್ನು ಗುಂಡಿಯೊಳಗೆ ಹಿಡಿದು ಮತ್ತೆ ಕೇಳಬೇಕು. ಕೊಳವೆಬಾವಿಯ ವಿಷಯದಲ್ಲಂತೂ ಬಾಯಿಯ ಮೇಲಿನ ಮುಚ್ಚಳ ತುಕ್ಕು ಹಿಡಿದು ಕುಸಿಯುವಂತಿರಬಹುದಾದ್ದರಿಂದ ಅದರ ನೇರ ಮೇಲೆ ಯಾರೂ ನಿಲ್ಲಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಬಾಯಿ ಸಿಕ್ಕಿದ ಕೂಡಲೇ ಸುತ್ತ ಬೇಲಿ ಹಾಕಿ, ಕೈಬಿಟ್ಟ ಬಾವಿಯಾಗಿದ್ದರೆ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ ಜೇಡಿಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೂ ತುಂಬಿಸಬೇಕು. ಇನ್ನೂ ಬಳಸುವ ಬಾವಿಯಾಗಿದ್ದರೆ ಉಕ್ಕಿನ ತಟ್ಟೆಯನ್ನು ಬೆಸುಗೆ ಹಾಕಿಯೋ ಬೋಲ್ಟ್ ಬಿಗಿದೋ ಮುಚ್ಚಿಸಬೇಕು.